ಒಂದೇ ಹೊಸ ಟೈರು ಇದ್ದರೆ ಮುಂದಕ್ಕೋ ಹಿಂದಕ್ಕೋ? ಘರ್ಷಣೆಯ ಪಾಠವನ್ನು ಇಳಿಜಾರಿಗೆ ಒಯ್ದ ಅನುಭವ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಘರ್ಷಣೆ’ ಘಟಕವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಒಂದು ಇಟ್ಟಿಗೆ, ಒಂದು ಸ್ಪ್ರಿಂಗ್ ತ್ರಾಸು, ಒಂದಿಷ್ಟು ಮರಳು, ಗೋಣಿಚೀಲದ ತುಂಡು ಇದ್ದರೆ ಪಾಠ ನಡೆದುಬಿಡುತ್ತದೆ. ಸ್ಥಿರ ಘರ್ಷಣೆ, ಜಾರು ಘರ್ಷಣೆ, ಉರುಳು ಘರ್ಷಣೆ ಎಂದು ಕಪ್ಪುಹಲಗೆಯ ಮೇಲೆ ಮೂರು ಸಾಲು ಬರುತ್ತವೆ. ಕೊನೆಗೆ ‘ವಾಹನಗಳ ಟೈರುಗಳಿಗೆ ಹಲ್ಲುಗಳಿರುವುದು ಹಿಡಿತಕ್ಕಾಗಿ’ ಎಂಬ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿ ಮುಂದಿನ ಪುಟಕ್ಕೆ ಹೋಗುವುದು ವಾಡಿಕೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪ್ರೌಢಶಾಲೆಗಳಲ್ಲಿ ಇಂಟರ್ನ್‌ಶಿಪ್ ಮೇಲ್ವಿಚಾರಣೆಗೆ ಓಡಾಡುವಾಗ, ಈ ವಾಕ್ಯದ ಹತ್ತಿರವೇ ನಿಂತರೆ ಏನಾಗುತ್ತದೆ ನೋಡೋಣ ಎಂದು ನಾಲ್ವರು ಪ್ರಶಿಕ್ಷಣಾರ್ಥಿಗಳಿಗೆ ಸೂಚಿಸಿದೆ. ಒಂದು ಅವಧಿಗೆಂದು ಹಾಕಿದ ಪಾಠ ಮೂರು ಅವಧಿ ಹಿಡಿಯಿತು. ಪಂಚರ್ ಅಂಗಡಿಯ ಕಾಕಾ ಒಬ್ಬರು ತರಗತಿಗೆ ಬಂದರು, ನಮ್ಮ ಉತ್ತರವನ್ನು ಒಪ್ಪದೆ ಎದ್ದುಹೋದರು.

ಇದು ಮಕ್ಕಳಿಗೆ ಎಷ್ಟು ಹತ್ತಿರದ ವಿಷಯ ಎಂಬುದನ್ನು ಮೊದಲು ಹೇಳಬೇಕು. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಕೋವಿಡ್ ವರ್ಷಗಳಲ್ಲಿ ವಿತರಣೆ ನಿಂತಿತು. ಹಾಗಾಗಿ ಈಗ ಶಾಲೆಯ ಅಂಗಳದಲ್ಲಿ ನಿಲ್ಲುವ ಸೈಕಲ್ಲುಗಳಲ್ಲಿ ಅಣ್ಣನದು, ಅಕ್ಕನದು, ಚಿಗವ್ವನ ಮಗಳದು ಹೆಚ್ಚು. ಚೌಕಟ್ಟು ಗಟ್ಟಿ ಇರುತ್ತದೆ, ಟೈರು ಮಾತ್ರ ಸವೆದಿರುತ್ತದೆ. ಎರಡೂ ಟೈರು ಒಮ್ಮೆಲೇ ಹಾಕಿಸುವ ಮನೆಗಳು ಕಡಿಮೆ. ‘ಈ ತಿಂಗಳ ಒಂದು, ದೀಪಾವಳಿಗೆ ಒಂದು’ ಎಂಬುದೇ ಲೆಕ್ಕ. ಹಿರೇಕೆರೂರು ಕಡೆಯ ಒಂದು ಶಾಲೆಗೆ ಗುಡ್ಡದ ಮೇಲಿನ ಊರಿನಿಂದ ಇಳಿದು ಬರುವ ಒಬ್ಬ ಹುಡುಗಿಯ ಪ್ರಶ್ನೆಯೇ ನಮ್ಮ ಪಾಠದ ತಿರುಳಾಯಿತು: “ಅಕ್ಕೋರ, ನಮ್ಮಪ್ಪ ಒಂದ ಟೈರ್ ಕೊಡಸ್ತೇನಿ ಅಂದಾನ. ಮುಂದ ಹಾಕ್ಸಲೋ, ಹಿಂದ ಹಾಕ್ಸಲೋ?”

ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಉತ್ತರ ಹೇಳಲಿಲ್ಲ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ‘ನಾಳೆ ಎಲ್ಲರೂ ಕಾರಣದ ಸಹಿತ ಉತ್ತರ ತರಬೇಕು’ ಎಂದಳು. ವೀಕ್ಷಣಾ ವಹಿಯಲ್ಲಿ ನಾನು ಆ ದಿನ ಬರೆದ ಒಂದೇ ಮೆಚ್ಚುಗೆ ಅದು. ಆ ಪಾಠದ ಉಳಿದ ಭಾಗ ಸಾಧಾರಣವಾಗಿತ್ತು.

ಜಗತ್ತಿನ ಇನ್ನೊಂದು ತುದಿಯಲ್ಲಿ ಇದೇ ಪ್ರಶ್ನೆ

ಗುಡ್ಡದಿಂದ ಸೈಕಲ್ಲಿನ ಮೇಲೆ ವೇಗವಾಗಿ ಇಳಿಯುವುದನ್ನೇ ಆಟ ಮಾಡಿಕೊಂಡವರಿದ್ದಾರೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಕಚ್ಚಾ ದಾರಿಯಲ್ಲಿ ಇಳಿಸಿ ಪಂದ್ಯ ಕಟ್ಟಿದರು. ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಇಳಿತಕ್ಕೇ ಅದರ ಗ್ರೀಸು ಸುಟ್ಟು ಹೋಗಿ ಮತ್ತೆ ತುಂಬಬೇಕಾಗುತ್ತಿತ್ತು. ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದೇ ಅದರಿಂದ. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಮೌಂಟೇನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಇಳಿಜಾರು ಸ್ಪರ್ಧೆಯೂ ಅದರಲ್ಲಿತ್ತು.

ಈ ಸವಾರರಿಗೆ ಟೈರಿನ ಆಯ್ಕೆ ಎಂದರೆ ಎರಡು ಆಸೆಗಳ ನಡುವಿನ ಜಗಳ. ಟೈರು ನೆಲವನ್ನು ಕಚ್ಚಿ ಹಿಡಿಯಬೇಕು, ಹಾಗೆಯೇ ಸಲೀಸಾಗಿ ಉರುಳಬೇಕು. ಮೃದು ರಬ್ಬರು ಕಲ್ಲಿನ ಸಣ್ಣ ಏರಿಳಿತಕ್ಕೆ ಮೆತ್ತಿಕೊಂಡು ಹಿಡಿಯುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಅದು ಹಿಸುಕಿ, ಮರಳಿ ಅರಳುವಾಗ ಕೊಟ್ಟ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ. ಒಂದಷ್ಟು ಶಾಖವಾಗಿ ಹೋಗುತ್ತದೆ. ಅದೇ ಉರುಳು ಘರ್ಷಣೆಯ ದೊಡ್ಡ ಪಾಲು. ಅಂದರೆ ಹಿಡಿತ ಕೊಡುವ ಗುಣವೇ ವೇಗವನ್ನು ತಿನ್ನುತ್ತದೆ. ಇದನ್ನು ತರಗತಿಯಲ್ಲಿ ತೋರಿಸಲು ಒಂದು ಹೊಸ ರಬ್ಬರ್ ಚೆಂಡು, ಒಂದು ಹಳೆಯ, ಜೀವ ಹೋದ ಟೆನಿಸ್ ಚೆಂಡು ಸಾಕು. ಎರಡನ್ನೂ ಒಂದು ಮೀಟರ್ ಎತ್ತರದಿಂದ ಬಿಟ್ಟು, ಎಷ್ಟು ಎತ್ತರಕ್ಕೆ ಪುಟಿಯುತ್ತವೆ ಎಂದು ಗೋಡೆಯ ಮೇಲಿನ ಅಳತೆಪಟ್ಟಿಯಲ್ಲಿ ಓದಬೇಕು. ಕಡಿಮೆ ಪುಟಿದದ್ದು ಹೆಚ್ಚು ಶಕ್ತಿ ನುಂಗಿದೆ. ಮಕ್ಕಳಿಗೆ ಇದು ತಕ್ಷಣ ಹೊಳೆಯುತ್ತದೆ. ಘರ್ಷಣೆ ಎಂದರೆ ಬರೀ ‘ಒರಟು ಮೇಲ್ಮೈ’ ಎಂದು ಬಾಯಿಪಾಠ ಮಾಡಿದ ಪ್ರಶಿಕ್ಷಣಾರ್ಥಿಗಳಿಗೇ ಹೆಚ್ಚು ಸಮಯ ಬೇಕಾಯಿತು.

ಈ ಜಗಳವನ್ನು ಇಳಿಜಾರಿನ ಸವಾರರು ಬಗೆಹರಿಸಿಕೊಂಡಿರುವ ಒಂದು ಬಗೆ ಸರಳವಾದದ್ದು: ಎರಡೂ ಗಾಲಿಗೆ ಒಂದೇ ಟೈರು ಇರಬೇಕೆಂದು ಅವರು ಹಟ ಹಿಡಿಯುವುದಿಲ್ಲ. ಹೆಚ್ಚು ಕಚ್ಚುವ ಟೈರು ಮುಂದೆ, ಸಲೀಸಾಗಿ ಉರುಳುವ ಟೈರು ಹಿಂದೆ. ಮ್ಯಾಕ್ಸಿಸ್ ಕಂಪನಿಯ ‘ಮಿನಿಯನ್’ ಎಂಬ ಹೆಸರಾಂತ ಟೈರು ಡಿಎಚ್‌ಎಫ್, ಡಿಎಚ್‌ಆರ್ ಎಂದು ಎರಡು ಬಗೆಯಲ್ಲಿ ಬರುತ್ತದೆ. ಕೊನೆಯ ಅಕ್ಷರಗಳು ಮುಂದಿನದು, ಹಿಂದಿನದು ಎಂಬುದಕ್ಕೇ ನಿಂತಿವೆ. ಮುಂದಿನ ಗಾಲಿ ಜಾರಿದರೆ ಸವಾರ ನೆಲಕ್ಕೆ ಬೀಳುತ್ತಾನೆ, ಹಿಂದಿನದು ಜಾರಿದರೆ ಬಾಲ ಅಲ್ಲಾಡಿಸಿದಂತೆ ಆಗಿ ಸಾಮಾನ್ಯವಾಗಿ ಸಾವರಿಸಿಕೊಳ್ಳುತ್ತಾನೆ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಆದರೆ ಅದನ್ನು ಹೇಳಿಬಿಟ್ಟರೆ ಪಾಠವಾಗುವುದಿಲ್ಲ.

ಟ್ರ್ಯಾಕ್ಟರಿನಿಂದ ಶುರು ಮಾಡಿದ್ದು

ಮಕ್ಕಳಿಗೆ ಮೌಂಟೇನ್ ಬೈಕು ದೂರದ ಮಾತು, ಟ್ರ್ಯಾಕ್ಟರು ಹತ್ತಿರದ್ದು. ಸವಣೂರಿನ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿ ಪಾಠವನ್ನು ಒಂದೇ ಪ್ರಶ್ನೆಯಿಂದ ಆರಂಭಿಸಿದ: ‘ಟ್ರ್ಯಾಕ್ಟರಿನ ಮುಂದಿನ ಗಾಲಿಯ ಟೈರಿಗೆ ಪಟ್ಟಿ ಉದ್ದಕ್ಕ ಅದಾವು, ಹಿಂದಿನ ಗಾಲಿಗೆ ಹಲ್ಲು ಅಡ್ಡ, ಓರೆ ಅದಾವು. ಯಾಕ?’ ಹಿಂದಿನ ಬೆಂಚಿನ ಹುಡುಗ, ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆಯದವನು, ಎದ್ದುನಿಂತು ಹೇಳಿದ: “ಹಿಂದಿಂದು ಎಳಿಯೂದು ಸರ್ರ, ಮುಂದಿಂದು ಹೊಳ್ಳಸೂದು.” ಹಲ್ಲು ಮಣ್ಣಿಗೆ ಊರಿ ಹಿಂದಕ್ಕೆ ಒತ್ತುತ್ತದೆ. ಉದ್ದದ ಪಟ್ಟಿ ಗಾಲಿಯನ್ನು ಪಕ್ಕಕ್ಕೆ ಜಾರಗೊಡುವುದಿಲ್ಲ. ಟೈರಿನ ಮೇಲಿನ ಗೀರು ಅಲಂಕಾರವಲ್ಲ, ಯಾವ ದಿಕ್ಕಿಗೆ ಜಾರಬಾರದೋ ಅದಕ್ಕೆ ಅಡ್ಡವಾಗಿ ಇರುತ್ತದೆ ಎಂಬ ನಿಯಮವನ್ನು ಮಕ್ಕಳೇ ಕಟ್ಟಿದರು. ಇಳಿಜಾರಿನ ಟೈರಿನ ನಡುವಿನ ಹಲ್ಲುಗಳು ಬ್ರೇಕಿಗೆ, ಅಂಚಿನ ಹಲ್ಲುಗಳು ತಿರುವಿಗೆ. ನಡುವಿನ ಹಲ್ಲಿನ ಮುಂಭಾಗ ಓರೆಯಾಗಿ ಕತ್ತರಿಸಿರುತ್ತದೆ, ಉರುಳುವಾಗ ತಡೆಯಬಾರದೆಂದು. ಹಿಂಭಾಗ ನೇರವಾಗಿರುತ್ತದೆ, ಬ್ರೇಕು ಹಿಡಿದಾಗ ಕಚ್ಚಲೆಂದು. ಇಂಥ ಟೈರಿನ ಪಕ್ಕದಲ್ಲಿ ತಿರುಗಬೇಕಾದ ದಿಕ್ಕಿನ ಬಾಣ ಇರುವುದು ಇದಕ್ಕೇ.

ಸವಣೂರಿನ ಎರೆ ನೆಲದ ಮಕ್ಕಳಿಗೆ ಇನ್ನೊಂದು ಅನುಭವವೂ ಇತ್ತು, ಅದು ಯಾವ ಪಠ್ಯದಲ್ಲೂ ಇಲ್ಲ. ಮಳೆ ಬಿದ್ದ ಮರುದಿನ ಎರೆಯ ದಾರಿಯಲ್ಲಿ ಹೋದರೆ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯೇ ತಿರುಗದಂತಾಗುತ್ತದೆ. ಕಡ್ಡಿಯಿಂದ ಮಣ್ಣು ಗೀರಿ ತೆಗೆಯುತ್ತ, ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಬರಬೇಕು. ‘ಹಲ್ಲು ಇದ್ದರೆ ಹಿಡಿತ’ ಎನ್ನುವ ವಾಕ್ಯ ಇಲ್ಲಿ ಸೋಲುತ್ತದೆ. ಹಲ್ಲಿನ ನಡುವಿನ ಸಂದು ಒಮ್ಮೆ ಎರೆಯಿಂದ ತುಂಬಿತೋ, ಹಲ್ಲಿನ ಟೈರೂ ಬೋಳು ಟೈರೂ ಒಂದೇ. ಅದಕ್ಕೇ ಕೆಸರಿಗೆ ಮಾಡಿದ ಟೈರುಗಳಲ್ಲಿ ಹಲ್ಲುಗಳು ಎತ್ತರವಾಗಿ, ದೂರ ದೂರ ಇರುತ್ತವೆ. ಗಾಲಿ ತಿರುಗುವಾಗ ಮಣ್ಣು ಉದುರಿ ಹೋಗಲು ಜಾಗ ಬೇಕು. ಇದನ್ನು ವಿವರಿಸಲು ಪ್ರಶಿಕ್ಷಣಾರ್ಥಿ ತಂದದ್ದು ಎರಡು ಬಾಚಣಿಕೆ, ಒಂದು ಒತ್ತು ಹಲ್ಲಿನದು, ಒಂದು ಬಿಡಿ ಹಲ್ಲಿನದು, ಮತ್ತು ಕಲಸಿದ ಎರೆಮಣ್ಣಿನ ಮುದ್ದೆ. ಇಷ್ಟು ಅಗ್ಗದ, ಇಷ್ಟು ಸರಿಯಾದ ಬೋಧನೋಪಕರಣವನ್ನು ನಾನು ಆ ವರ್ಷ ಬೇರೆಲ್ಲೂ ನೋಡಲಿಲ್ಲ.

ಹಾನಗಲ್ಲಿನ ಕಡೆ ಕಥೆ ಬೇರೆ. ಅಲ್ಲಿ ಮಲೆನಾಡಿನ ಅಂಚು, ಮಳೆ ಹೆಚ್ಚು, ಗಟ್ಟಿಯಾದ ಕೆಂಪು ದಾರಿಯ ಮೇಲೆ ಸಡಿಲ ಗರಸು. ಸಣ್ಣ ಹರಳುಗಳು ಟೈರಿನ ಕೆಳಗೆ ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ. ಘರ್ಷಣೆ ಕಡಿಮೆ ಮಾಡಲು ಬಾಲ್ ಬೇರಿಂಗ್ ಬಳಸುತ್ತೇವೆ ಎಂದು ಪಠ್ಯ ಹೇಳುತ್ತದಲ್ಲ, ನಮಗೆ ಬೇಡವಾದ ಕಡೆ ಪ್ರಕೃತಿಯೇ ಅದನ್ನು ಹಾಸಿಟ್ಟಿದೆ. ಇಲ್ಲಿ ಹಲ್ಲು ಹರಳನ್ನು ಸರಿಸಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು.

ಶಿಗ್ಗಾವಿಯ ಶಾಲೆ ಹೆದ್ದಾರಿ ಬದಿಯದು. ಮಕ್ಕಳು ಬರುವುದು ಡಾಂಬರಿನ ಮೇಲೆ. ಅಲ್ಲಿ ಪ್ರಶಿಕ್ಷಣಾರ್ಥಿ ಒಬ್ಬ ಹುಡುಗನ ಬೋಳು ಟೈರು ತೋರಿಸಿ, ಒದ್ದೆ ಡಾಂಬರಿನಲ್ಲಿ ಇದು ಜಾರುತ್ತದೆ ಎಂದಳು. ಪಾಠದ ನಂತರ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ನೀರಿನ ಪದರದ ಮೇಲೆ ಟೈರು ತೇಲಲು ಬೇಕಾದ ವೇಗ ಗಾಳಿಯ ಒತ್ತಡದ ವರ್ಗಮೂಲದ ಮೇಲೆ ನಿಂತಿದೆ. ವಿಮಾನದ ಗಾಲಿಗಳಿಗೆಂದು ಕಂಡುಕೊಂಡ ಸೂತ್ರದ ಪ್ರಕಾರ ಗಂಟೆಗೆ ಮೈಲಿಗಳಲ್ಲಿ ಆ ವೇಗ, ಪಿಎಸ್‌ಐಯಲ್ಲಿನ ಒತ್ತಡದ ವರ್ಗಮೂಲದ ಸುಮಾರು 10 ಪಟ್ಟು. 36 ಪಿಎಸ್‌ಐ ಗಾಳಿ ಇದ್ದರೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ಶಾಲೆಗೆ ಬರುವ ಸೈಕಲ್ಲು ಅಷ್ಟು ವೇಗ ಮುಟ್ಟುವುದಿಲ್ಲ. ಕಾರಿನ ಟೈರಿಗೆ ನೀರು ಹೊರಹಾಕುವ ಗೀರು ಬೇಕು. ಕಿರಿದಾದ, ದುಂಡನೆಯ ಸೈಕಲ್ ಟೈರಿಗೆ ಡಾಂಬರಿನ ಮೇಲೆ ಅದರ ಅಗತ್ಯವಿಲ್ಲ. ಹಿಡಿತ ಕೊಡುವುದು ರಬ್ಬರು ಮತ್ತು ಡಾಂಬರಿನ ಒರಟುತನ. ಹಾಗಾದರೆ ಬೋಳು ಟೈರು ಒಳ್ಳೆಯದೇ? ಅಲ್ಲ. ರಬ್ಬರು ತೆಳುವಾಗಿ ದಾರ ಕಾಣಿಸಿಕೊಂಡರೆ ಮುಳ್ಳು ನೇರ ಟ್ಯೂಬಿಗೆ ಹೋಗುತ್ತದೆ, ಇಳಿಜಾರಿನಲ್ಲಿ ಟೈರು ಒಡೆದರೆ ಹಿಡಿತದ ಮಾತೇ ಇಲ್ಲ. ಒದ್ದೆಯಲ್ಲಿ ಸೈಕಲ್ಲು ನಿಲ್ಲದಿರಲು ಇನ್ನೊಂದು ಕಾರಣವನ್ನು ಮಕ್ಕಳೇ ಹೇಳಿದರು. ಕಡ್ಡಿ ಬ್ರೇಕಿನ ರಬ್ಬರು ಒದ್ದೆ ಸ್ಟೀಲ್ ರಿಮ್ಮಿನ ಮೇಲೆ ಜಾರುತ್ತದೆ. ಟೈರು ಹಿಡಿದಿದ್ದರೂ ಬ್ರೇಕು ಹಿಡಿಯುವುದಿಲ್ಲ. ಎರಡು ಬೇರೆ ಬೇರೆ ಘರ್ಷಣೆಗಳು, ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ. ಮರುದಿನ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದಳು.

ಅಳತೆಗಳು

ಅಳೆಯದೆ ಚರ್ಚೆಯಲ್ಲೇ ಮುಗಿದ ಪಾಠ ವಿಜ್ಞಾನದ ಪಾಠವಲ್ಲ ಎಂಬುದು ನನ್ನ ಹಟ. ಮೂರು ಅಳತೆ ಮಾಡಿಸಿದೆವು.

ಮೊದಲನೆಯದು ಉರುಳುವಿಕೆ. 50 ಸೆಂ.ಮೀ. ಎತ್ತರದ ಕಟ್ಟೆಗೆ ಹಲಗೆ ಒರಗಿಸಿ, ಸವಾರ ಪೆಡಲ್ ತುಳಿಯದೆ ಇಳಿದು ಸಮತಟ್ಟು ನೆಲದಲ್ಲಿ ತಾನಾಗಿ ನಿಲ್ಲುವವರೆಗೆ ಹೋಗಬೇಕು. ಎತ್ತರವನ್ನು ಹೋದ ದೂರದಿಂದ ಭಾಗಿಸಿದರೆ ಸರಾಸರಿ ಉರುಳು ಘರ್ಷಣೆಯ ಗುಣಾಂಕ ಹೆಚ್ಚುಕಡಿಮೆ ಸಿಗುತ್ತದೆ. 40 ಮೀಟರ್ ಹೋದರೆ 0.5 ÷ 40 = 0.0125. ಮೆತ್ತನೆಯ ಮಣ್ಣಿನಲ್ಲಿ 16 ಮೀಟರಿಗೇ ನಿಂತರೆ 0.031. ಗಾಳಿಯ ತಡೆ ಇಷ್ಟು ನಿಧಾನದಲ್ಲಿ ಚಿಕ್ಕದು. ಒಂದೇ ಸವಾರ, ಒಂದೇ ಸೈಕಲ್ಲು, ಒತ್ತಡ ಮಾತ್ರ ಬದಲು ಎಂಬ ನಿಯಂತ್ರಣವನ್ನು ಮಕ್ಕಳಿಂದಲೇ ಹೇಳಿಸಬೇಕು. ಇಲ್ಲದಿದ್ದರೆ ದಪ್ಪ ಹುಡುಗ ಗೆದ್ದ ಎಂಬುದೇ ನಿರ್ಣಯವಾಗುತ್ತದೆ. ಇಲ್ಲಿ ಒಂದು ಅಚ್ಚರಿ ಇದೆ. ಡಾಂಬರಿನ ಮೇಲೆ ಗಾಳಿ ಗಟ್ಟಿಯಾದಷ್ಟೂ ಸೈಕಲ್ಲು ದೂರ ಹೋಗುತ್ತದೆ. ಕಲ್ಲುದಾರಿಯಲ್ಲಿ ಹಾಗಲ್ಲ. ಗಟ್ಟಿ ಟೈರು ಪ್ರತಿ ಕಲ್ಲನ್ನೂ ಹತ್ತಿ ಇಳಿಯುತ್ತದೆ, ಸವಾರನ ಇಡೀ ಮೈ ಎಗರುತ್ತದೆ, ಶಕ್ತಿ ಅಲ್ಲೇ ಸೋರುತ್ತದೆ. ತುಸು ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿ ಮುಂದೆ ಸಾಗುತ್ತದೆ. ಇಳಿಜಾರಿನ ಸವಾರರು ಸುಮಾರು ಎರಡೂವರೆ ಇಂಚು ಅಗಲದ ಟೈರಿಗೆ 25 ಪಿಎಸ್‌ಐ ಆಸುಪಾಸಿನ ಗಾಳಿ ಇಡುವುದು ಹಿಡಿತಕ್ಕಷ್ಟೇ ಅಲ್ಲ, ಒರಟು ನೆಲದಲ್ಲಿ ವೇಗಕ್ಕೂ ಹೌದು. ಆದರೆ ನಮ್ಮ ಕಿರಿದಾದ ಟೈರಿಗೆ ಅಷ್ಟು ಕಡಿಮೆ ಗಾಳಿ ಇಟ್ಟರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕತ್ತರಿಸುತ್ತದೆ. ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಲೇಬೇಕು.

ಎರಡನೆಯದು ಟೈರು ನೆಲ ಮುಟ್ಟುವ ಜಾಗ. ಗ್ರಾಫ್ ಹಾಳೆಯ ಮೇಲೆ ಕಾರ್ಬನ್ ಹಾಳೆ ಇಟ್ಟು, ಸವಾರ ಕೂತ ಸೈಕಲ್ಲಿನ ಹಿಂದಿನ ಗಾಲಿಯನ್ನು ಮೇಲಿನಿಂದ ನೇರವಾಗಿ ಇಳಿಸಿ ಎತ್ತಬೇಕು, ನಂತರ ಚೌಕ ಎಣಿಸಬೇಕು. ಹಿಂದಿನ ಗಾಲಿಯ ಮೇಲೆ 36 ಕಿ.ಗ್ರಾಂ. ಭಾರ, 50 ಪಿಎಸ್‌ಐ (ಚದರ ಸೆಂ.ಮೀ.ಗೆ ಸುಮಾರು 3.5 ಕಿ.ಗ್ರಾಂ.) ಇದ್ದರೆ ಗುರುತು ಸುಮಾರು 10 ಚ.ಸೆಂ.ಮೀ. ಬರಬೇಕು. ಗಾಳಿ ಅರ್ಧ ಮಾಡಿದರೆ ಗುರುತು ಇಮ್ಮಡಿ. ಒಬ್ಬ ಪ್ರಶಿಕ್ಷಣಾರ್ಥಿ ಇಲ್ಲಿ ಒಳ್ಳೆಯ ಆಕ್ಷೇಪ ಎತ್ತಿದ: ಘರ್ಷಣೆ ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪಿಯುಸಿಯಲ್ಲಿ ಕಲಿತಿದ್ದೇವೆ, ಹಾಗಾದರೆ ಅಗಲದ ಟೈರಿಗೇಕೆ ಹೆಚ್ಚು ಹಿಡಿತ? ಆ ನಿಯಮ ಮರ, ಲೋಹದಂಥ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಹೊಂದುತ್ತದೆ. ರಬ್ಬರು ನೆಲದ ಏರಿಳಿತಕ್ಕೆ ಇಳಿದು ಕೂರುವ ವಸ್ತು. ಅದರಲ್ಲಿ ಒತ್ತಡ ಹೆಚ್ಚಾದಂತೆ ಘರ್ಷಣೆಯ ಗುಣಾಂಕ ಇಳಿಯುತ್ತದೆ. ಸಡಿಲ ಮಣ್ಣಿನಲ್ಲಂತೂ ಮಣ್ಣೇ ಕಿತ್ತುಬರುವುದು ಮಿತಿಯಾಗುತ್ತದೆ. ಎಂಟನೆಯ ತರಗತಿಗೆ ಇದನ್ನೆಲ್ಲ ಹೇಳಬೇಕಿಲ್ಲ, ಹೇಳುವವರಿಗೆ ತಿಳಿದಿರಬೇಕು.

ಮೂರನೆಯದೇ ಹುಡುಗಿಯ ಪ್ರಶ್ನೆಗೆ ನೇರವಾಗಿ ಸೇರಿದ್ದು. ಶಾಲೆಯಲ್ಲಿ ಆರೋಗ್ಯ ತಪಾಸಣೆಗೆ ಇಟ್ಟ ತೂಕದ ಯಂತ್ರವನ್ನು ಮುಂದಿನ ಗಾಲಿಯ ಕೆಳಗಿಟ್ಟು, ಹಿಂದಿನ ಗಾಲಿಯನ್ನು ಅಷ್ಟೇ ಎತ್ತರದ ಇಟ್ಟಿಗೆಯ ಮೇಲಿಟ್ಟು, ಹುಡುಗಿಯನ್ನು ಕೂರಿಸಿ, ಎರಡೂ ಬದಿ ಗೆಳತಿಯರು ಹಿಡಿದುಕೊಂಡರು. ಹುಡುಗಿ ಮತ್ತು ಸೈಕಲ್ಲು ಸೇರಿ 60 ಕಿ.ಗ್ರಾಂ. ಎಂದುಕೊಂಡರೆ ಮುಂದೆ 24ರ ಸುತ್ತ, ಹಿಂದೆ 36ರ ಸುತ್ತ. ಈಗ ಹಿಂದಿನ ಗಾಲಿಯನ್ನು ಇನ್ನೂ 30 ಸೆಂ.ಮೀ. ಎತ್ತರಿಸಿದರೆ ಮುಳ್ಳು ಕಣ್ಣೆದುರೇ ಏರುತ್ತದೆ. ಲೆಕ್ಕದ ಪ್ರಕಾರವೂ ಒಂದಷ್ಟು ಭಾರ ಮುಂದಕ್ಕೆ ಸರಿಯುತ್ತದೆ. ಬ್ರೇಕು ಒತ್ತಿದಾಗ ಇನ್ನಷ್ಟು. ಗುರುತ್ವದ ವೇಗೋತ್ಕರ್ಷದ ಹತ್ತರಲ್ಲಿ ಮೂರು ಪಾಲಿನಷ್ಟು ವೇಗ ಇಳಿಸಿದರೆ ಒಟ್ಟು ಭಾರದ ಹೆಚ್ಚುಕಡಿಮೆ ಅಷ್ಟೇ ಪಾಲು ಮುಂದಿನ ಗಾಲಿಗೆ ಹೋಗುತ್ತದೆ. ಸಮತಟ್ಟಿನಲ್ಲಿ ಭಾರ ಹೊತ್ತ ಹಿಂದಿನ ಗಾಲಿ ಇಳಿಜಾರಿನಲ್ಲಿ ಹಗುರಾಗುತ್ತದೆ, ಲಾಕಾಗಿ ಜಾರುತ್ತದೆ. ತಡೆಯುವ ಕೆಲಸವೂ ಹೊಳ್ಳಿಸುವ ಕೆಲಸವೂ ಮುಂದಿನ ಟೈರಿನ ಮೇಲೆ ಬೀಳುತ್ತದೆ. ಮುಳ್ಳು ಏರುತ್ತಿರುವಾಗ ತರಗತಿ ಪೂರ್ತಿ ಮೌನವಾಗಿತ್ತು.

ಕಾಕಾ ಅವರ ಆಕ್ಷೇಪ

ಸಂಪನ್ಮೂಲ ವ್ಯಕ್ತಿಯಾಗಿ ಊರಿನ ಪಂಚರ್ ಅಂಗಡಿಯ ಕಾಕಾ ಅವರನ್ನು ಕರೆಸಿದ್ದೆವು. ಮಕ್ಕಳ ತೀರ್ಮಾನ ಕೇಳಿ ಅವರು ನಕ್ಕರು. “ಮೂವತ್ತ ವರ್ಷದಿಂದ ಹೊಸಾ ಟೈರ್ ಹಿಂದಿನ ಗಾಲಿಗೇ ಹಾಕೇನ್ರಿ. ಸವಿಯೂದು ಅದ, ಪಂಚರ್ ಆಗೂದು ಅದ. ಹುಲ್ಲಿನ ಹೊರಿ ಕಟ್ಟೂದು ಎಲ್ಲಿ, ತಂಗೀನ್ನ ಕೂಡಸ್ಕೊಂಡ ಬರೂದು ಎಲ್ಲಿ? ಕ್ಯಾರಿಯರ್ ಮ್ಯಾಲ. ಮುಂದಿನ ಟೈರ್ ಐದ ವರ್ಷ ಬರ್ತೈತಿ.”

ಪ್ರಶಿಕ್ಷಣಾರ್ಥಿ ಅವರ ಮಾತನ್ನು ತಳ್ಳಿಹಾಕಲಿಲ್ಲ. ಹಲಗೆಯನ್ನು ಎರಡು ಭಾಗ ಮಾಡಿ, ಟೈರು ಬೇಗ ಹಾಳಾಗುವುದು ಎಲ್ಲಿ, ಟೈರು ಕೈಕೊಟ್ಟರೆ ಮೈಗೆ ಪೆಟ್ಟಾಗುವುದು ಎಲ್ಲಿ ಎಂದು ಬರೆದಳು. ಕಾಕಾ ಹೇಳಿದ್ದೆಲ್ಲ ಮೊದಲ ಭಾಗಕ್ಕೆ ಸೇರಿತು, ತೂಕದ ಯಂತ್ರ ಹೇಳಿದ್ದು ಎರಡನೆಯದಕ್ಕೆ. ಆಗ ಒಬ್ಬ ಹುಡುಗ ನಡುವಿನ ದಾರಿ ತೆಗೆದ: ಈಗ ಮುಂದೆ ಇರುವ ಅರೆಸವೆದ ಟೈರನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕುವುದು. ಹಿಂದಿನ ಸವೆದದ್ದು ಹೊರಗೆ. ಕಾಕಾ ಅದಕ್ಕೆ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ: “ಎರಡೂ ಗಾಲಿ ಬಿಚ್ಚೂ ಕೂಲಿ ಯಾರ್ ಕೊಡ್ತಾರ್ರಿ?” ಅಂಗಡಿಯ ಹೊತ್ತಾಯಿತೆಂದು ಅವರು ಎದ್ದುಹೋದರು.

ಅವರ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಪ್ರಶಿಕ್ಷಣಾರ್ಥಿ ಕಂಡುಕೊಂಡ ಪರಿಹಾರ ಕಾರ್ಯಾನುಭವದ ಅವಧಿ. ಎರಡು ಟೈರ್ ಲಿವರ್, ಎರಡು ಪಾನಾ, ಒಂದು ಪಂಪು ತಂದು, ಗಾಲಿ ಬಿಚ್ಚಿ ಟೈರು ಬದಲಿಸುವುದನ್ನು ಕಾಕಾ ಅವರ ಅಂಗಡಿಯಲ್ಲೇ ತಾನು ಮೊದಲು ಕಲಿತು, ನಂತರ ಮಕ್ಕಳಿಗೆ ಕಲಿಸಿದಳು. ಹಿಂದಿನ ಗಾಲಿಗೆ ಚೈನು, ಸ್ಟ್ಯಾಂಡು, ಕ್ಯಾರಿಯರಿನ ಕಾಲು ಎಲ್ಲ ಬಿಚ್ಚಬೇಕು, ಮೊದಲ ಗುಂಪಿಗೆ ಪೂರ್ತಿ ಅವಧಿ ಸಾಲಲಿಲ್ಲ.

ಈ ಪಾಠ ಮಾಡಲು ಹೊರಡುವ ಪ್ರಶಿಕ್ಷಣಾರ್ಥಿಗಳು ಟೈರಿನ ಪಕ್ಕದ ಅಂಕಿ ಓದುವುದನ್ನು ಮೊದಲು ಕಲಿಯಬೇಕು. ಹುಡುಗಿಯರ ಸಾದಾ ಸೈಕಲ್ಲಿನ ‘26’ ಬೇರೆ, ಗೇರಿನ ಸೈಕಲ್ಲಿನ ‘26’ ಬೇರೆ. ಮೊದಲನೆಯದರ ಮೇಲೆ 37-590 ಎಂದೂ ಎರಡನೆಯದರ ಮೇಲೆ 54-559 ಎಂಬಂತೆಯೂ ಇರುತ್ತದೆ. ಹಿಂದಿನ ಅಂಕಿ ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. 31 ಮಿ.ಮೀ. ವ್ಯತ್ಯಾಸವಿರುವ ಟೈರು ಎಷ್ಟು ಎಳೆದರೂ ಕೂರುವುದಿಲ್ಲ. ದೊಡ್ಡವರ ಕರಿ ಸೈಕಲ್ಲಿನ 28 ಇಂಚಿನದರಲ್ಲಿ ಅದು 635. ಆ ಹುಡುಗಿಯ ಅಪ್ಪ ಸಂತೆಗೆ ಹೊರಟ ದಿನ ಅವಳು ಅಂಗೈ ಮೇಲೆ ಪೆನ್ನಿನಿಂದ 37-590 ಎಂದು ಬರೆದುಕೊಂಡು ಬಂದಿದ್ದಳು, ಅಪ್ಪನ ಚೀಟಿಗೆ ನಕಲು ಮಾಡಿಕೊಡಲು. ಮುಂದಿನ ವಾರ ನಾನು ವೀಕ್ಷಣೆಗೆ ಹೋದಾಗ ಅವಳ ಸೈಕಲ್ಲಿನ ಮುಂದಿನ ಗಾಲಿಯಲ್ಲಿ ಹೊಸ ಟೈರು ಇತ್ತು. ಹಿಂದಿನದನ್ನು ಬದಲಿಸಿದ್ದಾಳೋ ಎಂದು ಬಗ್ಗಿ ನೋಡಿದೆ. ಇನ್ನೂ ಹಳೆಯದೇ ಇತ್ತು, ದಾರ ಕಾಣುತ್ತಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಬಿಚ್ಚುವುದೆಂದು ಅವಳೂ ಗೆಳತಿಯರೂ ಮಾತಾಡಿಕೊಂಡಿದ್ದರು.